ಶೆಡ್ಡಿನಲ್ಲಿ ಸರಿ, ಬ್ಯಾಣದಲ್ಲಿ ತಕರಾರು: ಒಂದು ಪೇಂಟ್‌ಬಾಲ್ ಮಾರ್ಕರಿನ ಪ್ರಕರಣ

ದೂರು ಇಷ್ಟು. ಶಿವಮೊಗ್ಗದ ಲೇತ್ ಶೆಡ್ಡಿನಲ್ಲಿ ಮಧ್ಯಾಹ್ನದ ಹೊತ್ತು ಹೊಡೆದು ನೋಡಿದರೆ ಮಾರ್ಕರ್, ಅಂದರೆ ಬಣ್ಣ ತುಂಬಿದ ಬಾಲ್ ಹಾರಿಸುವ ಆಟದ ಬಂದೂಕು, ಒಂದು ಶಾಟಿಗೂ ತಪ್ಪುವುದಿಲ್ಲ. ಅದನ್ನೇ ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಯ ಹೋಂಸ್ಟೇಗೆ ತಂದು ಡಿಸೆಂಬರ್ ಬೆಳಿಗ್ಗೆ ಆಟಕ್ಕೆ ಕೊಟ್ಟರೆ, ಹತ್ತು ಹನ್ನೆರಡು ಬಾಲ್ ಹೋಗುವಷ್ಟರಲ್ಲಿ ರಂಪ ಶುರು. ಟ್ರಿಗರ್ ಒಮ್ಮೆ ಒತ್ತಿದರೆ ಒಳಗಿನ ಹ್ಯಾಮರ್ ನಾಲ್ಕೈದು ಸಲ ಪಟಪಟನೆ ಬಡಿಯುತ್ತದೆ, ಬ್ಯಾರಲ್ ಬಾಯಿಂದ ಬಿಳಿ ಹೊಗೆ ಬರುತ್ತದೆ, ಬಾಲ್‌ಗಳು ಒಳಗೇ ಒಡೆದು ಹಾಪರಿನ (ಮೇಲೆ ಬಾಲ್ ತುಂಬುವ ಡಬ್ಬಿ) ಕುತ್ತಿಗೆಯವರೆಗೂ ಬಣ್ಣದ ಲೋಳೆ. ಆಟ ನಡೆಯುವ ಅದೇ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ), ಅದೇ ಬೆಳಿಗ್ಗೆ, ಅದೇ ಗ್ಯಾಸು (ಇಂಗಾಲದ ಡೈಆಕ್ಸೈಡ್) ಅದೇ ಬಾಲ್ ಹಾಕಿಕೊಂಡ ಕಂಪನಿ ಮಾರ್ಕರುಗಳು ಮಾತ್ರ ಸುಮ್ಮನೆ ತಮ್ಮ ಕೆಲಸ ಮಾಡುತ್ತಿದ್ದವು.

ಈ ಕೊನೆಯ ಸಂಗತಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಚಳಿಯನ್ನು ಬೈದರು, ಗ್ಯಾಸ್ ತುಂಬಿಸಿದವರನ್ನು ಬೈದರು, ಆಡಲು ಬಂದ ಬೆಂಗಳೂರಿನ ಹುಡುಗರಿಗೆ ಟ್ರಿಗರ್ ಒತ್ತಲು ಬರುವುದಿಲ್ಲ ಅಂದರು.

ಮಾರ್ಕರಿನ ಜಾತಕ ಹೀಗಿದೆ. ಹೋಂಸ್ಟೇ ಯಜಮಾನರು ಸೆಕೆಂಡ್ ಹ್ಯಾಂಡಿನಲ್ಲಿ ಕೆಲವು ಬ್ಲೋಬ್ಯಾಕ್ (ಹೊಡೆದ ಗ್ಯಾಸಿನಿಂದಲೇ ಮತ್ತೆ ಸಜ್ಜಾಗುವ) ಮಾರ್ಕರ್ ತಂದಿದ್ದರು: ಮೇಲೊಂದು ಟ್ಯೂಬು, ಕೆಳಗೊಂದು ಟ್ಯೂಬು ಇರುವ ಮಾದರಿ. ಒಂದರ ಬಾಡಿ ಬಿರುಕು ಬಿಟ್ಟಿತು. ಅವರ ನೆಂಟರೊಬ್ಬರದ್ದು ಶಿವಮೊಗ್ಗದಲ್ಲಿ ಲೇತ್ ಶೆಡ್ಡು, ಕೈಕೆಲಸ ಕಲಿತದ್ದು ಭದ್ರಾವತಿಯಲ್ಲಿ. ಆ ಕಡೆಯ ಕೈ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಅವರು ಅಲ್ಯುಮಿನಿಯಂ ಗಟ್ಟಿಯಲ್ಲಿ ಹೊಸ ಬಾಡಿ ಕೊರೆದರು, ಬ್ಯಾರಲ್ ತಾವೇ ಮಾಡಿದರು, ಹಿಡಿಕೆಗೆ ಹಲಸಿನ ಮರ ಕೂರಿಸಿದರು, ಟ್ಯಾಂಕ್ ಕೂರುವ ಬ್ಲಾಕಿಗೆ ಹೊಸ ಪ್ಲೇಟು ಮಾಡಿದರು. ಹ್ಯಾಮರ್, ಬೋಲ್ಟ್, ವಾಲ್ವ್, ಸಿಯರ್ ಎಲ್ಲ ಹಳೆಯ ಮಾರ್ಕರಿನವೇ. ಟ್ಯಾಂಕು, ಅದರ ಪಿನ್ ವಾಲ್ವು, ಹೈ ಪ್ರೆಷರ್ ಹೋಸು ಮಾತ್ರ ಪರೀಕ್ಷೆಯಾದ ಅಂಗಡಿ ಮಾಲು. ಅಲ್ಲಿ ಕೈಚಳಕ ತೋರಿಸಲು ಹೋಗಲಿಲ್ಲವಲ್ಲ, ಅದು ದೊಡ್ಡ ವಿವೇಕ. 70 ಬಾರಿಗೂ ಮೀರುವ ಒತ್ತಡ ತಡೆಯುವ ಪಾತ್ರೆ ಲೇತಿನಲ್ಲಿ ಮಾಡುವ ವಸ್ತುವಲ್ಲ.

ನೋಡಲಿಕ್ಕೆ ಬಹಳ ಚೆಂದ ಇತ್ತು. ಕೆಳಗಿನ ಟ್ಯೂಬಿನ ಹಿಂದಿನ ಮುಚ್ಚಳ ಬಿಚ್ಚಿ ಬೆಳಕಿಗೆ ಹಿಡಿದರೆ ಒಳಗೆ ಕನ್ನಡಿಯ ಹೊಳಪು. ಆ ಹೊಳಪಿನ ವಿಷಯಕ್ಕೆ ಮುಂದೆ ಬರುತ್ತೇನೆ.

ನನ್ನ ಕಸುಬು ಅಡಿಕೆ ತೋಟದ ಔಷಧಿ ಪಂಪುಗಳ ರಿಪೇರಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ತಿಂಗಳುಗಳಲ್ಲಿ ಊಟಕ್ಕೂ ಬಿಡುವಿಲ್ಲ, ಕೊನೆ ಕೊಯ್ಲಿನ ಹೊತ್ತಿಗೆ ಅಂಗಡಿ ಖಾಲಿ. ಓ-ರಿಂಗು (ಸೋರದಂತೆ ತಡೆಯುವ ರಬ್ಬರ್ ಬಳೆ), ಕಪ್ ವಾಷರು, ವಾಲ್ವ್ ಸೀಟು ಇವುಗಳ ಜತೆಗೇ ಬದುಕುವವನು ಅಂತ ಮಾರ್ಕರ್ ನನ್ನ ಮೇಜಿಗೆ ಬಂತು.

ಬಿಚ್ಚುವ ಮುಂಚೆ ಒಂದು ಮಾತು. ಹಾಪರ್ ತೆಗೆಯಬೇಕು, ಟ್ಯಾಂಕ್ ಬಿಚ್ಚಬೇಕು, ಆಮೇಲೆ ಸುರಕ್ಷಿತ ದಿಕ್ಕಿಗೆ ಹಿಡಿದು ಹೋಸಿನಲ್ಲಿ ಉಳಿದ ಗ್ಯಾಸು ಮುಗಿಯುವವರೆಗೆ ಖಾಲಿ ಹೊಡೆಯಬೇಕು. ಅಷ್ಟು ಹೊತ್ತೂ ಮುಖಕ್ಕೆ ಮಾಸ್ಕು. ಒಮ್ಮೆ ಒತ್ತಿದರೆ ಐದು ಸಲ ಹೊಡೆಯುವ ಮಾರ್ಕರಿನ ವಿಷಯದಲ್ಲಂತೂ ಇದಕ್ಕೆ ರಿಯಾಯಿತಿ ಇಲ್ಲ. ತಕರಾರು ತೀರುವವರೆಗೆ ಅದನ್ನು ಆಟಕ್ಕೆ ಕೊಡಕೂಡದು ಅಂತ ಯಜಮಾನರಿಗೆ ಮೊದಲೇ ಹೇಳಿದೆ, ಅವರೂ ಒಪ್ಪಿದರು.

ಈ ಮಾದರಿ ಕೆಲಸ ಮಾಡುವ ಕ್ರಮ ಸರಳ. ಕೆಳಗಿನ ಟ್ಯೂಬಿನಲ್ಲಿ ಹ್ಯಾಮರ್, ಅದರ ಬೆನ್ನಿಗೆ ಮೇನ್ ಸ್ಪ್ರಿಂಗ್. ಕಾಕ್ ಮಾಡಿದಾಗ ಹ್ಯಾಮರ್ ಹಿಂದಕ್ಕೆ ಹೋಗಿ ಸಿಯರ್ ಎಂಬ ಸಣ್ಣ ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಒತ್ತಿದರೆ ಕೊಕ್ಕೆ ಜಾರುತ್ತದೆ, ಹ್ಯಾಮರ್ ಮುಂದಕ್ಕೆ ನುಗ್ಗಿ ವಾಲ್ವಿನ ಕಡ್ಡಿಗೆ ಬಡಿಯುತ್ತದೆ, ವಾಲ್ವ್ ಕ್ಷಣಮಾತ್ರ ತೆರೆದುಕೊಳ್ಳುತ್ತದೆ. ಹೊರಬಂದ ಗ್ಯಾಸಿನಲ್ಲಿ ಒಂದು ಪಾಲು ಮೇಲಿನ ಟ್ಯೂಬಿನ ಬೋಲ್ಟಿನ ಮೂಲಕ ಬಾಲನ್ನು ತಳ್ಳುತ್ತದೆ, ಇನ್ನೊಂದು ಪಾಲು ಹ್ಯಾಮರನ್ನೇ ಹಿಂದಕ್ಕೆ ದಬ್ಬಿ ಮತ್ತೆ ಕೊಕ್ಕೆಗೆ ಸಿಕ್ಕಿಸುತ್ತದೆ. ಬೋಲ್ಟು ಹ್ಯಾಮರಿಗೆ ಪಿನ್ನಿನಿಂದ ಜೋಡಿಸಿಕೊಂಡಿರುವುದರಿಂದ ಅದೂ ಹಿಂದೆ ಬರುತ್ತದೆ, ಮುಂದಿನ ಬಾಲ್ ಕೆಳಗೆ ಬೀಳುತ್ತದೆ. ಹ್ಯಾಮರ್ ಹಿಂದಕ್ಕೆ ಹೋಗಲು ಅದರ ಮೂತಿಯ ಹತ್ತಿರ ಇರುವ ಒಂದು ಓ-ರಿಂಗು ಟ್ಯೂಬಿನ ಗೋಡೆಗೆ ಸೀಲಾಗಿರಬೇಕು. ಇಲ್ಲವಾದರೆ ಗ್ಯಾಸು ಪಕ್ಕದಿಂದ ನುಸುಳಿ ಹೋಗುತ್ತದೆ.

ಪಟಪಟ ರೋಗ ಹುಟ್ಟುವುದು ಇಲ್ಲೇ. ಹ್ಯಾಮರ್ ಹಿಂದಕ್ಕೆ ಬರುತ್ತದೆ, ಆದರೆ ಕೊಕ್ಕೆಯವರೆಗೆ ಮುಟ್ಟುವುದಿಲ್ಲ. ಕೂದಲೆಳೆಯಷ್ಟು ಮೊದಲೇ ಸೋತು ನಿಂತರೆ ಸ್ಪ್ರಿಂಗು ಅದನ್ನು ಮತ್ತೆ ಮುಂದಕ್ಕೆ ಎಸೆಯುತ್ತದೆ, ಅದು ಮತ್ತೆ ವಾಲ್ವಿಗೆ ಬಡಿಯುತ್ತದೆ, ಮತ್ತೆ ಅರ್ಧಂಬರ್ಧ ಹಿಂದೆ ಬರುತ್ತದೆ. 1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಹೆನಿಕರ್‌ನಲ್ಲಿ 12 ಜನ ಈ ಆಟವನ್ನು ಮೊದಲ ಸಲ ಆಡಿದಾಗ ಅವರ ಕೈಯಲ್ಲಿದ್ದದ್ದು ನೆಲ್‌ಸ್ಪಾಟ್ 007, ಕಾಡಿನಲ್ಲಿ ಮರಗಳಿಗೂ ದನಗಳಿಗೂ ಬಣ್ಣದ ಗುರುತು ಹಾಕಲು ಮಾಡಿದ ಸಾಧನ. ಪ್ರತಿ ಶಾಟಿಗೂ ಕೈಯಿಂದಲೇ ಕಾಕ್ ಮಾಡಬೇಕಿದ್ದ ಅದರಲ್ಲಿ ಈ ಕಾಯಿಲೆಗೆ ಜಾಗವೇ ಇರಲಿಲ್ಲ. ಆ ದಿನ ಗೆದ್ದವನು ಒಂದು ಬಾಲನ್ನೂ ಹೊಡೆಯದೆ ಗೆದ್ದ ಅನ್ನುವುದು ಬೇರೆ ಮಾತು.

ಮೊದಲ ಅನುಮಾನ ಎಲ್ಲರಿಗೂ ಸಿಯರ್ ಮೇಲೆ. ಕೊಕ್ಕೆಯ ಅಂಚು ಸವೆದು ಉರುಟಾದರೂ ಇದೇ ಲಕ್ಷಣ. ಭೂತಗನ್ನಡಿಯಲ್ಲಿ ನೋಡಿದೆ, ಅಂಚು ಚೂಪಾಗೇ ಇತ್ತು. ಗ್ಯಾಸಿಲ್ಲದೆ ಕೈಯಲ್ಲಿ ಕಾಕ್ ಮಾಡಿ ಮರದ ಸುತ್ತಿಗೆಯಿಂದ ಬಾಡಿಗೆ ತಟ್ಟಿದರೂ ಕಳಚಲಿಲ್ಲ. ಗ್ಯಾಸ್ ಕೊಟ್ಟು ಕಾಕ್ ಮಾಡಿಟ್ಟರೆ ಬ್ಯಾರಲಿನಿಂದ ಸೊಂಯ್ ಎನ್ನುವ ಸದ್ದೂ ಇಲ್ಲ, ಹಾಗಾಗಿ ವಾಲ್ವಿನ ಕಪ್ ಸೀಲೂ ಚೆನ್ನಾಗಿದೆ. ಒಳಗೆ ಪಂಪಿಗೆ ಹಾಕುವ ದಪ್ಪ ಗ್ರೀಸು ಮೆತ್ತಿದ್ದರು. ಚಳಿಗೆ ಅದು ಗಟ್ಟಿಯಾಗುವುದು ನಿಜ. ಒರೆಸಿ ತೆಳು ಎಣ್ಣೆ ಹಾಕಿದರೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಟ್ಯಾಂಕಿಗೆ ಹೆಚ್ಚು ಗ್ಯಾಸ್ ತುಂಬಿಸಿದ್ದಾರೋ ಅಂತ ತೂಕ ಹಾಕಿದೆ. 20 ಔನ್ಸಿನ ಟ್ಯಾಂಕಿನಲ್ಲಿ 567 ಗ್ರಾಂ ಇರಬೇಕು, ಅದಕ್ಕಿಂತ ಕೊಂಚ ಕಡಿಮೆಯೇ ಇತ್ತು. ಇಂಗಾಲದ ಡೈಆಕ್ಸೈಡನ್ನು ಯಾವತ್ತೂ ತೂಕದಿಂದಲೇ ತುಂಬಿಸಬೇಕು. ಒಳಗೆ ದ್ರವ ಇರುವವರೆಗೂ ಗೇಜು ಒಂದೇ ಅಂಕಿ ತೋರಿಸುತ್ತದೆ, ಎಷ್ಟು ಉಳಿದಿದೆ ಅನ್ನುವುದನ್ನು ಅದು ಹೇಳುವುದಿಲ್ಲ.

ಆಮೇಲೆ ಅದಲು ಬದಲು. ಈ ಮಾರ್ಕರಿನ ಟ್ಯಾಂಕನ್ನು ಕಂಪನಿ ಮಾರ್ಕರಿಗೆ ಹಾಕಿದರೆ ಬೆಳಗಿನ ಚಳಿಯಲ್ಲೂ ಸರಿ ಓಡುತ್ತದೆ. ಕಂಪನಿ ಮಾರ್ಕರಿನ ಟ್ಯಾಂಕ್ ಇದಕ್ಕೆ ಹಾಕಿದರೆ ಅದೇ ಪಟಪಟ. ಕಾಯಿಲೆ ಟ್ಯಾಂಕಿನದ್ದಲ್ಲ ಅನ್ನುವುದು ಅಲ್ಲಿಗೆ ತೀರ್ಮಾನ. ಇನ್ನೊಂದು ಪರೀಕ್ಷೆಗೆ ಗಾಳಿ ತುಂಬಿದ ಟ್ಯಾಂಕ್ ಬೇಕಿತ್ತು, ಅಂದರೆ 3000 ಪಿಎಸ್‌ಐ ಒತ್ತಡದ ಬರಿಯ ಗಾಳಿ, ಅದರ ರೆಗ್ಯುಲೇಟರಿನಿಂದ ಹೊರಗೆ ಬರುವುದು ಸುಮಾರು 850. ನಮ್ಮ ಕಡೆ ಅದನ್ನು ಯಾರು ತುಂಬಿಸಿಕೊಡುತ್ತಾರೆ? ಘಾಟಿ ಇಳಿದರೆ ಮುರ್ಡೇಶ್ವರದಲ್ಲಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಹೋಗುವವರಿದ್ದಾರೆ. ಅವರ ಸಿಲಿಂಡರಿನ ಒತ್ತಡ 200 ಬಾರ್, ಅಂದರೆ ಹೆಚ್ಚುಕಡಿಮೆ ಇದೇ ಲೆಕ್ಕ. ಯಜಮಾನರು ಹೇಗೂ ಮೀನಿಗೆ ಆ ಕಡೆ ಹೋಗುವವರು, ಸರಿಯಾದ ಅಡಾಪ್ಟರ್ ಕೊಟ್ಟು ಕಳಿಸಿದೆ, ತುಂಬಿಸಿಕೊಂಡು ಬಂದರು. ಗಾಳಿ ಹಾಕಿದಾಗ ಅದೇ ಮಾರ್ಕರ್, ಅದೇ ಮಂಜು ಕವಿದ ಬೆಳಿಗ್ಗೆ, ಹೇಳಿದ ಹಾಗೆ ಕೇಳಿತು. ಬಹಳ ವೇಗವಾಗಿ ಹೊಡೆದಾಗ ಮಾತ್ರ ಒಂದೆರಡು ಸಲ ತಡವರಿಸಿತು. ಆ ಒಂದೆರಡು ಸಲವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ಇಷ್ಟಾದ ಮೇಲೆ ಎಲ್ಲರೂ ಹೇಳಿದ್ದು "ಚಳಿಗೆ ಗ್ಯಾಸಿನ ಒತ್ತಡ ಇಳಿಯುತ್ತದೆ, ಅಷ್ಟೇ" ಅಂತ. ಸುಳ್ಳಲ್ಲ. ಟ್ಯಾಂಕಿನೊಳಗಿನ ದ್ರವ ಇಂಗಾಲದ ಡೈಆಕ್ಸೈಡಿನ ಒತ್ತಡ ಉಷ್ಣತೆಯ ಕೈಗೊಂಬೆ. 30 ಡಿಗ್ರಿಯಲ್ಲಿ ಸುಮಾರು 72 ಬಾರ್, 15 ಡಿಗ್ರಿಯಲ್ಲಿ ಸುಮಾರು 51. ಶೆಡ್ಡಿನ ಶೀಟಿನ ಕೆಳಗಿನ ಮಧ್ಯಾಹ್ನಕ್ಕೂ ಆಗುಂಬೆ ಕಡೆಯ ಡಿಸೆಂಬರ್ ಬೆಳಿಗ್ಗೆಗೂ ಇರುವ ಅಂತರ ಇದು. ಮೇಲಿಂದ ಮೇಲೆ ಹೊಡೆದರೆ ದ್ರವ ಆವಿಯಾಗುತ್ತಾ ಟ್ಯಾಂಕಿನದೇ ಶಾಖ ಹೀರಿ ಇನ್ನೂ ತಣ್ಣಗಾಗುತ್ತದೆ. ಆದರೆ ಚಳಿ ಕಂಪನಿ ಮಾರ್ಕರುಗಳಿಗೂ ಅಷ್ಟೇ ಇತ್ತಲ್ಲ! ಅವು ತಡೆದುಕೊಂಡದ್ದನ್ನು ಇದು ಯಾಕೆ ತಡೆಯಲಿಲ್ಲ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಕ್ರೋನೋಗ್ರಾಫಿನಲ್ಲಿ. ಬಾಲಿನ ವೇಗ ಅಳೆಯುವ ಈ ಪುಟ್ಟ ಯಂತ್ರ ಇಲ್ಲದೆ ಮಾರ್ಕರ್ ರಿಪೇರಿಗೆ ಕೈ ಹಾಕುವವರ ಧೈರ್ಯ ನನಗಿಲ್ಲ. ಆಟದಲ್ಲಿ ಮೀರಬಾರದ ಮಿತಿ ಸೆಕೆಂಡಿಗೆ 300 ಅಡಿ, ಈ ಹೋಂಸ್ಟೇ ಬ್ಯಾಣದಲ್ಲಿ ಇಟ್ಟುಕೊಂಡದ್ದು 280. ಬರೀ ಒತ್ತಡ ಇಳಿಯುವುದೇ ಕಾರಣವಾಗಿದ್ದರೆ ಅಂಕಿಗಳು ಮೆಟ್ಟಿಲು ಇಳಿದ ಹಾಗೆ ಕ್ರಮವಾಗಿ ಕೆಳಗೆ ಬರಬೇಕು. ಬೆಳಗಿನ ಚಳಿಯಲ್ಲಿ ಒಂದೊಂದೇ ಶಾಟ್ ಹೊಡೆಸಿ ಬರೆದುಕೊಂಡದ್ದು ಬೇರೆಯೇ ಕಥೆ: 271, 304, 252, 316, 247, 298. ಎರಡು ಬಾಲ್ ನಡುವೆ 60 ಅಡಿಗಿಂತ ಹೆಚ್ಚು ಜಿಗಿತ, ಅದೂ ಮಿತಿ ಮೀರಿ. ಜಿಗಿದ ಪ್ರತಿ ಸಲವೂ ಬ್ಯಾರಲ್ ಬಾಯಲ್ಲಿ ಬಿಳಿ ಹೊಗೆ. ಇದು ಗ್ಯಾಸು ಸಾಲದ ಮಾರ್ಕರಿನ ಲಕ್ಷಣ ಅಲ್ಲವೇ ಅಲ್ಲ. ದ್ರವ ಕುಡಿದ ಮಾರ್ಕರಿನ ಲಕ್ಷಣ.

ಟ್ಯಾಂಕ್ ಅಡ್ಡ ಮಲಗಿದಾಗ ಕೆಳಗೆ ದ್ರವ, ಮೇಲೆ ಆವಿ. ವಾಲ್ವಿಗೆ ಹೋಗಬೇಕಾದ್ದು ಮೇಲಿನ ಆವಿ ಮಾತ್ರ. ದ್ರವವೇ ಒಳಗೆ ನುಗ್ಗಿದರೆ ಅಲ್ಲಿ ಒಮ್ಮೆಗೇ ಆವಿಯಾಗಿ ಹಿಗ್ಗುತ್ತದೆ, ಒಂದು ಬಾಲ್ ಮಿತಿ ಮೀರಿ ಹಾರುತ್ತದೆ. ಹಾಗೆ ಆವಿಯಾಗುವಾಗ ವಾಲ್ವೂ ಓ-ರಿಂಗೂ ಮಂಜುಗಟ್ಟುವಷ್ಟು ತಣ್ಣಗಾಗುತ್ತವೆ, ಮುಂದಿನ ಬಾಲ್ ಸೋತು ಬೀಳುತ್ತದೆ. ಇದನ್ನು ತಪ್ಪಿಸಲು ಆಂಟಿ ಸೈಫನ್ ಟ್ಯಾಂಕುಗಳಲ್ಲಿ ಒಳಗೊಂದು ಬಾಗಿದ ಕೊಳವೆ ಇರುತ್ತದೆ. ಟ್ಯಾಂಕ್ ತಿರುಗಿಸಿ ಬಿಗಿ ಮಾಡಿ ನಿಂತಾಗ ಕೊಳವೆಯ ತುದಿ ಮೇಲ್ಮುಖವಾಗಿ ಆವಿಯಲ್ಲಿರಬೇಕು. ಯಜಮಾನರ ಟ್ಯಾಂಕುಗಳೆಲ್ಲ ಇದೇ ತರಹದವು. ಅವರ ಬ್ಯಾಣ ಇಳಿಜಾರು, ಮೇಲಿನ ತಂಡ ಕೆಳಮುಖವಾಗಿ ಹೊಡೆಯುತ್ತದೆ, ಆಗ ಟ್ಯಾಂಕಿನ ತಳ ಮೇಲಕ್ಕೆದ್ದು ದ್ರವ ಬಾಯಿಗೆ ಹರಿಯುತ್ತದೆ. ಅದಕ್ಕೆಂದೇ ಹುಡುಕಿ ಇಂಥವನ್ನು ತರಿಸಿದ್ದರು.

ಪರೀಕ್ಷೆಗೆ ಬೇಕಾದ್ದು ಒಂದು ಚೂರು ಸೀಮೆಸುಣ್ಣ. ಟ್ಯಾಂಕನ್ನು ಕಂಪನಿ ಮಾರ್ಕರಿಗೆ ಪೂರ್ತಿ ಬಿಗಿ ಮಾಡಿ, ಆಕಾಶಕ್ಕೆ ಮುಖ ಮಾಡಿದ ಕಡೆ ಒಂದು ಗೀಟು ಎಳೆದೆ. ಬಿಚ್ಚಿ ನಮ್ಮ ಮಾರ್ಕರಿಗೆ ಬಿಗಿ ಮಾಡಿದೆ. ಗೀಟು ನೆಲದ ಕಡೆ ಇತ್ತು. ಹೋಸು ಅಂದವಾಗಿ ಒಳಗಡೆಯಿಂದ ಬರಲಿ ಅಂತ ಟ್ಯಾಂಕ್ ಬ್ಲಾಕನ್ನು ತಲೆಕೆಳಗು ಮಾಡಿ ಪ್ಲೇಟಿಗೆ ಕೂರಿಸಿದ್ದರು. ಬ್ಲಾಕ್ ಅರ್ಧ ಸುತ್ತು ತಿರುಗಿದರೆ ಮರೆ (ಸ್ಕ್ರೂವಿನ ಸುತ್ತುಗೆರೆ) ಶುರುವಾಗುವ ಜಾಗವೂ ಅರ್ಧ ಸುತ್ತು ತಿರುಗುತ್ತದೆ, ಬಿಗಿಯಾದ ಟ್ಯಾಂಕೂ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ದ್ರವ ಬಾರದಿರಲಿ ಅಂತ ಇಟ್ಟ ಕೊಳವೆ ದ್ರವದಲ್ಲೇ ಮುಳುಗಿ ಅದನ್ನೇ ಎಳೆಯುತ್ತಿತ್ತು.

ಶೆಡ್ಡಿನಲ್ಲಿ ಇದು ಯಾಕೆ ಕಾಣಲಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. 31 ಡಿಗ್ರಿ ದಾಟಿದರೆ ಇಂಗಾಲದ ಡೈಆಕ್ಸೈಡ್ ಎಷ್ಟು ಒತ್ತಡವಿದ್ದರೂ ದ್ರವವಾಗಿ ಇರುವುದೇ ಇಲ್ಲ. ಬಿಸಿಲಿಗೆ ಕಾದ ಶೀಟಿನ ಕೆಳಗೆ, ಬೆಚ್ಚಗಿನ ಟ್ಯಾಂಕಿನಲ್ಲಿ ನಾಲ್ಕಾರು ಶಾಟ್ ಹೊಡೆದು ನೋಡುವಾಗ ಕೊಳವೆ ಮೇಲಿದ್ದರೇನು, ಕೆಳಗಿದ್ದರೇನು? (ಅದೇ ಕಾರಣಕ್ಕೆ ತುಂಬಿದ ಟ್ಯಾಂಕನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಒತ್ತಡ ಏರುತ್ತಾ ಹೋಗಿ ಬರ್ಸ್ಟ್ ಡಿಸ್ಕ್ (ಒತ್ತಡ ಮೀರಿದರೆ ಒಡೆದು ಗ್ಯಾಸು ಬಿಡುವ ಬಿಲ್ಲೆ) ಹಾರಿದರೆ ಸೀಟಿನ ಮೇಲೆ ಹಿಮ ಬೀಳುತ್ತದೆ. ಹಾರದಿದ್ದರೆ ಇನ್ನೂ ಕಷ್ಟ.)

ಬ್ಲಾಕನ್ನು ಸರಿಯಾದ ಕಡೆಗೆ ತಿರುಗಿಸಿ ಉದ್ದದ ಹೋಸ್ ಹಾಕಿದೆವು. ಟ್ಯಾಂಕಿನ ವಾಲ್ವ್ ಬಿಚ್ಚಿ ಕೊಳವೆಯನ್ನೇ ತಿರುಗಿಸಬಹುದಲ್ಲ ಅಂತ ಒಬ್ಬರು ಸೂಚಿಸಿದರು. ಆ ಕೆಲಸ ಖಾಲಿ ಟ್ಯಾಂಕಿನಲ್ಲಿ, ಅದನ್ನು ಬಲ್ಲವರೇ ಮಾಡುವಂಥದ್ದು, ಸ್ಪ್ಯಾನರ್ ಇದ್ದ ಮಾತ್ರಕ್ಕೆ ಮಾಡುವುದಲ್ಲ. ಮರುದಿನ ಬೆಳಿಗ್ಗೆಯ ಅಂಕಿಗಳು: 279, 277, 274, 272, 268. ಬಿಳಿ ಹೊಗೆ ಹೋಯಿತು. ಲೇತ್ ಯಜಮಾನರು ಅಲ್ಲಿಗೆ ಪ್ರಕರಣ ಮುಗಿಯಿತು ಅಂದರು.

ಮುಗಿದಿರಲಿಲ್ಲ. ಗಾಳಿ ಹಾಕಿದಾಗಲೂ ಒಂದೆರಡು ಸಲ ತಡವರಿಸಿತ್ತಲ್ಲ, ಗಾಳಿಯಲ್ಲಿ ದ್ರವದ ಪ್ರಶ್ನೆಯೇ ಇಲ್ಲ. ಈಗಲೂ ವೇಗವಾಗಿ ಹೊಡೆದರೆ ಅಪರೂಪಕ್ಕೊಮ್ಮೆ ಜೋಡಿ ಬಡಿತ ಬರುತ್ತಿತ್ತು. ಆಟದ ಮಾರ್ಕರಿನಲ್ಲಿ ಅಪರೂಪಕ್ಕೊಮ್ಮೆಯೂ ಒಪ್ಪತಕ್ಕದ್ದಲ್ಲ. ಹಾಗಾಗಿ ಆ ಹೊಳೆಯುವ ಟ್ಯೂಬಿಗೆ ಅಳತೆ ಹಿಡಿದೆ. ವರ್ನಿಯರ್ ಬಾಯಿ ಟ್ಯೂಬಿನ ಅಂಚಿನವರೆಗೆ ಮಾತ್ರ ಹೋಗುತ್ತದೆ, ಒಳಗಿನ ವ್ಯಾಸಕ್ಕೆ ಬೋರ್ ಗೇಜೇ ಆಗಬೇಕು. ತೀರ್ಥಹಳ್ಳಿಯ ಒಂದು ಎಂಜಿನ್ ಗ್ಯಾರೇಜಿನಿಂದ ಕೇಳಿ ತಂದೆ. ಮುಂದೆ ವಾಲ್ವಿನ ಹತ್ತಿರ ಒಂದು ಅಳತೆ, ಹಿಂದಕ್ಕೆ ಬರುತ್ತಾ ಬರುತ್ತಾ ಮುಳ್ಳು ಸರಿಯತೊಡಗಿತು. ಹ್ಯಾಮರ್ ಕೊಕ್ಕೆಗೆ ಸಿಕ್ಕುವ ಜಾಗಕ್ಕೆ ಬರುವಾಗ ವ್ಯಾಸ 0.2 ಮಿಲಿಮೀಟರ್ ದೊಡ್ಡದಾಗಿತ್ತು.

ಕಾರಣ ಹೊಳಪು. ಕೊರೆದಾದ ಮೇಲೆ ಒಳಮೈ ನುಣ್ಣಗಾಗಲಿ ಅಂತ ಕೋಲಿಗೆ ಎಮರಿ ಪೇಪರ್ ಸುತ್ತಿ, ಲೇತ್ ತಿರುಗಿಸುತ್ತಾ ಹಿಂದಿನ ಬಾಯಿಂದ ಒಳಗೆ ಹೊರಗೆ ಆಡಿಸಿದ್ದಾರೆ. ಬಾಯಿ ಕಡೆ ಎಮರಿ ಹೆಚ್ಚು ಹೊತ್ತು ತಿಕ್ಕುತ್ತದೆ, ಒಳ ತುದಿಗೆ ಅದು ಸರಿಯಾಗಿ ಮುಟ್ಟುವುದೂ ಇಲ್ಲ. ಟ್ಯೂಬು ಕಹಳೆಯ ಬಾಯಿಯಾಯಿತು.

0.2 ಮಿಲಿಮೀಟರ್ ಅಂದರೆ ಯಾರೂ ನಗುತ್ತಾರೆ. ಲೆಕ್ಕ ಹಾಕಿ ನೋಡಿ. ಆ ಓ-ರಿಂಗಿನ ದಪ್ಪ 1.78 ಮಿಲಿಮೀಟರ್. ಟ್ಯೂಬಿನ ಮುಂದಿನ ಭಾಗದಲ್ಲಿ ಅದು ಗೋಡೆಗೆ ಒತ್ತಿಕೊಳ್ಳುತ್ತಿದ್ದದ್ದು ಒಂದೊಂದು ಬದಿಗೆ ಸುಮಾರು 0.15, ಚಲಿಸುವ ಸೀಲಿಗೆ ಅದು ಏನೋ ಸಾಕು. ವ್ಯಾಸ 0.2 ಹೆಚ್ಚಿದರೆ ಒಂದೊಂದು ಬದಿಗೆ 0.1 ಹೋಗುತ್ತದೆ, ಉಳಿಯುವುದು 0.05. ಮಧ್ಯಾಹ್ನದ ಮೆತ್ತಗಿನ ರಬ್ಬರು ಅಷ್ಟರಲ್ಲೇ ಹೇಗೋ ಸುಧಾರಿಸಿಕೊಳ್ಳುತ್ತದೆ. ದ್ರವ ಬಡಿದು ಮರಗಟ್ಟಿದ ರಬ್ಬರಿಗೆ ಗೋಡೆಯನ್ನು ಹಿಂಬಾಲಿಸಲು ಆಗುವುದಿಲ್ಲ. ಹ್ಯಾಮರಿಗೆ ತಳ್ಳು ಅತಿ ಹೆಚ್ಚು ಬೇಕಾದದ್ದು ಸ್ಪ್ರಿಂಗ್ ಪೂರ್ತಿ ಕುಗ್ಗುವ ಆ ಕೊನೆಯ ಅರ್ಧ ಇಂಚಿನಲ್ಲಿ, ಗ್ಯಾಸು ಸೋರುತ್ತಿದ್ದದ್ದೂ ಅದೇ ಅರ್ಧ ಇಂಚಿನಲ್ಲಿ. ತಿರುಗಿದ ಬ್ಲಾಕು ಒಂದೇ ಇದ್ದಿದ್ದರೆ ಹೊಗೆಯೂ ಜಿಗಿಯುವ ವೇಗವೂ ಇರುತ್ತಿದ್ದವು, ಪಟಪಟ ಇಷ್ಟು ಜೋರಾಗಿರುತ್ತಿರಲಿಲ್ಲ. ಕಹಳೆ ಬಾಯಿ ಒಂದೇ ಇದ್ದಿದ್ದರೆ ತಿಂಗಳಾನುಗಟ್ಟಲೆ ಯಾರಿಗೂ ಗೊತ್ತಾಗದೆಯೂ ಇರಬಹುದಿತ್ತು.

ಇದರ ಮೇಲೆ ಮೂರನೆಯದೊಂದು ಸೇರಿತ್ತು. ಚಳಿಗಾಲದ ಶುರುವಿನಲ್ಲಿ ಬಾಲ್ ದೂರ ಹೋಗುತ್ತಿಲ್ಲ ಅಂತ ಆಡುವವರು ಹೇಳಿದರಂತೆ, ಅದಕ್ಕೆ ಮೇನ್ ಸ್ಪ್ರಿಂಗ್ ತೆಗೆದು ಬಲವಾದ ಬೇರೊಂದನ್ನು ಹಾಕಿದ್ದಾರೆ. ಹ್ಯಾಮರ್ ಜೋರಾಗಿ ಬಡಿದರೆ ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತದೆ, ವೇಗ ಹೆಚ್ಚುತ್ತದೆ, ಸರಿ. ಆದರೆ ಅದನ್ನು ಹಿಂದಕ್ಕೆ ದಬ್ಬಿ ಕೊಕ್ಕೆಗೆ ಸಿಕ್ಕಿಸಲೂ ಅಷ್ಟೇ ಹೆಚ್ಚು ಬಲ ಬೇಕು. ಸೋರುವ ಕೊಡಕ್ಕೆ ಇನ್ನೂ ಎತ್ತರದ ಅಟ್ಟ ತೋರಿಸಿದ ಕೆಲಸ ಇದು. ಲೇತ್ ಯಜಮಾನರ ಪರವಾಗಿ ಒಂದು ಮಾತು: ಒಂದೊಂದು ಬದಲಾವಣೆಗೂ ಅವರ ಬಳಿ ಕಾರಣ ಇತ್ತು, ಒಂದೊಂದನ್ನೂ ಶೆಡ್ಡಿನಲ್ಲಿ ಪರೀಕ್ಷೆಯೂ ಮಾಡಿದ್ದರು. ಪರೀಕ್ಷೆ ಮಾಡಿದ ಜಾಗ ಮಾತ್ರ ಆಟ ನಡೆಯುವ ಜಾಗಕ್ಕಿಂತ 15 ಡಿಗ್ರಿ ಬೆಚ್ಚಗಿತ್ತು.

ಟ್ಯೂಬನ್ನು ಕಿರಿದು ಮಾಡಲು ಆಗುವುದಿಲ್ಲ. ಸ್ಲೀವ್ ಹಾಕುವ ಯೋಚನೆ ಬಂತು, ಗೋಡೆ ತೆಳುವಾಗುತ್ತದೆ ಅಂತ ಬಿಟ್ಟೆವು. ಬದಲಿಗೆ ಉದ್ದಕ್ಕೂ ದೊಡ್ಡ ಅಳತೆಗೇ ಒಂದೇ ಸಮ ಹೋನ್ ಮಾಡಿಸಿ, ಆ ಅಳತೆಗೆ ಹೊಸ ಹ್ಯಾಮರ್ ಮಾಡುವುದು ಅಂತಾಯಿತು. ಕಾರಿನ ಬ್ರೇಕ್ ಸಿಲಿಂಡರ್ ಉಜ್ಜುವ ಹೋನ್ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಕಲ್ಲುಗಳು ಸ್ಪ್ರಿಂಗಿನಿಂದ ಸುತ್ತಲೂ ಒತ್ತುತ್ತವೆ, ಸೀಮೆಎಣ್ಣೆ ಸುರಿಯುತ್ತಾ ಪೂರ್ತಿ ಉದ್ದಕ್ಕೆ ಒಂದೇ ವೇಗದಲ್ಲಿ ಓಡಿಸಿದರೆ ಒಳಮೈಯಲ್ಲಿ ಸಣ್ಣ ಅಡ್ಡಗೆರೆ ಮೂಡುತ್ತವೆ. ಕನ್ನಡಿ ಹೊಳಪು ಹೋಯಿತು. ಆ ಗೆರೆಗಳಲ್ಲೇ ಎಣ್ಣೆ ನಿಲ್ಲುವುದು, ಚಲಿಸುವ ಓ-ರಿಂಗಿಗೆ ಕನ್ನಡಿಗಿಂತ ಅದು ವಾಸಿ.

ಹೊಸ ಹ್ಯಾಮರ್ ತಿರುಗಿಸುವಾಗ ಲೇತ್ ಯಜಮಾನರ ಕೈ ಏನೆಂದು ಕಂಡಿತು. ವ್ಯಾಸ 0.2 ಹೆಚ್ಚು, ಓ-ರಿಂಗ್ ಕೂರುವ ತೋಡಿನ ಆಳ ಹಳೆಯದರಷ್ಟೇ, ಕೊಕ್ಕೆ ಸಿಕ್ಕುವ ಅಂಚು ಚೂಪು, ಅದನ್ನು ಗಟ್ಟಿ ಮಾಡಿಸಿಯೂ ತಂದರು. ಆದರೆ ಮೊದಲ ತುಂಡು ಹಳೆಯದಕ್ಕಿಂತ ತೂಕ ಬಂತು. ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದನ್ನು ನಿರ್ಧರಿಸುವುದರಲ್ಲಿ ಹ್ಯಾಮರಿನ ತೂಕದ ಪಾಲು ದೊಡ್ಡದು. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ಹಳೆಯದನ್ನೂ ಹೊಸದನ್ನೂ ಇಟ್ಟು, ಹಿಂದಿನ ತುದಿಯಿಂದ ಒಳಗೆ ಕೊರೆದು ಕೊರೆದು ಸರಿದೂಗಿಸಿದರು. ಅಂಗಡಿಯವರು ಇದು ಯಾವ ಆಭರಣ ಅಂತ ಕೇಳಿದರಂತೆ.

ಜೋಡಿಸಿ ಹೊಡೆದಾಗ ಪಟಪಟ ಪೂರ್ತಿ ನಿಂತಿತು. ಅಪಾಯ ಇರುವುದು ಈ ಹಂತದಲ್ಲೇ. ಸೋರಿಕೆ ನಿಂತ ಮೇಲೆ ಆ ಬಲವಾದ ಸ್ಪ್ರಿಂಗ್ ಹಾಗೇ ಉಳಿದರೆ ಏನಾಗುತ್ತದೆ ಅಂತ ಮಧ್ಯಾಹ್ನದ ಬಿಸಿಲಿನಲ್ಲಿ ಕ್ರೋನೋ ಮುಂದೆ ಹಿಡಿದೆವು, 320 ದಾಟಿತು. 3 ಗ್ರಾಂ ಬಾಲ್ 300 ಅಡಿ ವೇಗದಲ್ಲಿ ಹೊರುವ ಶಕ್ತಿ ಸುಮಾರು 12.5 ಜೂಲ್. ವೇಗ 320 ಆದರೆ ಶಕ್ತಿ ಶೇ. 14ರಷ್ಟು ಹೆಚ್ಚುತ್ತದೆ, ಯಾಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೆಳಿಗ್ಗೆ 275 ತೋರಿಸಿದ ಮಾರ್ಕರನ್ನು ಊಟವಾದ ಮೇಲೆ ಮತ್ತೆ ಅಳೆಯದೆ ಕೊಟ್ಟರೆ ಯಾರದಾದರೂ ಕತ್ತಿಗೋ ಕಿವಿಗೋ ಪೆಟ್ಟು. ಹಳೆಯ ಸ್ಪ್ರಿಂಗನ್ನೇ ವಾಪಸ್ ಹಾಕಿ, ದಿನದ ಅತಿ ಬೆಚ್ಚಗಿನ ಹೊತ್ತಿನಲ್ಲಿ 280ಕ್ಕೆ ಕೂರಿಸಿದೆವು. ಬೆಳಿಗ್ಗೆ ಅದು 250ರ ಆಸುಪಾಸಿಗೆ ಇಳಿಯುತ್ತದೆ, ಇಳಿಯಲಿ. ಇಂಗಾಲದ ಡೈಆಕ್ಸೈಡ್ ಬಳಸುವವರು ಬಿಸಿಗೆ ಕೂರಿಸಿ ಚಳಿಗೆ ಸಹಿಸಬೇಕು, ಇದನ್ನು ತಿರುವುಮುರುವು ಮಾಡಕೂಡದು.

ಉಳಿದದ್ದು ಬಾಲ್ ಒಡೆಯುವ ಕಾಟ. ಒಡೆಯುವುದರಲ್ಲಿ ಎರಡು ಬಗೆ. ಬಾಲ್ ಅರ್ಧ ಇಳಿದಿರುವಾಗಲೇ ಬೋಲ್ಟ್ ಬಂದು ಕತ್ತರಿಸಿದರೆ ಬಣ್ಣ ಹಾಪರಿನ ಕುತ್ತಿಗೆಯಲ್ಲಿ ಕಾಣುತ್ತದೆ. ಪಟಪಟ ಬಡಿಯುವಾಗ ಬಾಲ್ ಬೀಳುವುದಕ್ಕಿಂತ ಬೋಲ್ಟ್ ವೇಗ ಹೆಚ್ಚು, ಹಾಗಾಗಿ ಆ ರೋಗದ ಜತೆಗೇ ಇದೂ ಹೋಯಿತು. ಬ್ಯಾರಲಿನೊಳಗೆ ಮಾತ್ರ ಬಣ್ಣ ಇದ್ದರೆ ಅದು ಬೇರೆ ತಕರಾರು, ಅದು ಹೋಗಿರಲಿಲ್ಲ. ಪೇಂಟ್‌ಬಾಲ್ .68 ಕ್ಯಾಲಿಬರ್ ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಲೇತ್ ಯಜಮಾನರು 0.68 ಇಂಚನ್ನು 25.4ರಿಂದ ಗುಣಿಸಿ, ಬಂದ 17.27 ಮಿಲಿಮೀಟರಿಗೆ ಬ್ಯಾರಲನ್ನು ನಿಖರವಾಗಿ ಕೊರೆದಿದ್ದರು. ಅಂಥ ನಿಖರತೆ ಬಾಲ್ ಮಾಡುವವರಲ್ಲಿ ಇರುವುದಿಲ್ಲ. ಬಾಲಿನ ಸಿಪ್ಪೆ ಜೆಲಟಿನ್, ಎರಡು ಅರ್ಧ ಸೇರಿದ ಹೊಲಿಗೆ ಅದರ ಮೇಲಿರುತ್ತದೆ, ಗಾಳಿಯ ತೇವ ಹೀರಿ ಅದು ಉಬ್ಬುತ್ತದೆ. ತೆರೆದ ಪ್ಯಾಕೆಟನ್ನು ಅಡಿಕೆ ಬೇಯಿಸುವ ಒಲೆಯ ಪಕ್ಕದ ಕೋಣೆಯಲ್ಲಿ ಇಟ್ಟಿದ್ದರು. ಆ ಬಾಲ್‌ಗಳಿಗೆ ವರ್ನಿಯರ್ ಹಿಡಿದರೆ 17.4ರಿಂದ 17.6, ಒಂದೇ ಬಾಲಿಗೆ ಹೊಲಿಗೆಯ ಮೇಲೆ ಒಂದು ಅಳತೆ, ಅಡ್ಡಕ್ಕೆ ಇನ್ನೊಂದು.

ಇದಕ್ಕೆ ಹಳೆಯ ಪರೀಕ್ಷೆ ಒಂದಿದೆ. ಬ್ಯಾರಲನ್ನು ಮಾರ್ಕರಿನಿಂದ ಬಿಚ್ಚಿ ಒಂದು ಬಾಲ್ ಹಿಂದಿನ ಬಾಯಿಗೆ ಇಡಬೇಕು. ತಾನಾಗಿ ಉರುಳಿ ಹೋದರೆ ಸಡಿಲ. ಅಲ್ಲೇ ನಿಂತು, ಬಾಯಿ ಇಟ್ಟು ಊದಿದಾಗ ಹೊರಗೆ ಹಾರಿದರೆ ಸರಿ. ನಮ್ಮ ಬಾಲ್ ಅಲ್ಲೇ ಕೂತಿತು. ಊದಿದರೆ ನನ್ನ ಕಿವಿ ಮುಚ್ಚಿತೇ ಹೊರತು ಅದು ಅಲುಗಲಿಲ್ಲ. ಕಂಪನಿ ಮಾರ್ಕರಿನ ಬ್ಯಾರಲ್ ತಂದು ಹಾಕಿದರೆ ಒಡೆಯುವುದು ನಿಂತಿತು. ಅದು ಖಾತ್ರಿಯಾದ ಮೇಲೆ ಇದನ್ನು 17.5ಕ್ಕೆ ಹೋನ್ ಮಾಡಿದೆವು, ಇಂಚಿನ ಲೆಕ್ಕದಲ್ಲಿ 0.689. ಬಾಲ್‌ಗಳು ಈಗ ಗಾಳಿಯಾಡದ ಡಬ್ಬದಲ್ಲಿ, ಮನೆಯ ನಡುಕೋಣೆಯಲ್ಲಿ ಇರುತ್ತವೆ. ಒಂದೇ ಕಡೆ ಒತ್ತಿ ಚಪ್ಪಟೆಯಾಗದಂತೆ ಆಗಾಗ ಡಬ್ಬ ತಿರುವಿ ಇಡುತ್ತಾರೆ. ಮಳೆಗಾಲದಲ್ಲಿ ಅಷ್ಟೂ ಸಾಲದು, ಆಗ ಬೇಕಾದಷ್ಟನ್ನೇ ತರಿಸಿಕೊಳ್ಳಿ ಅಂದಿದ್ದೇನೆ.

ಮಾರ್ಕರ್ ಈಗ ಆಟದಲ್ಲಿದೆ. ದಿನಕ್ಕೆ ಎರಡು ಸಲ, ಆಟಕ್ಕೆ ಮುಂಚೆ ಮತ್ತು ಊಟವಾದ ಮೇಲೆ, ಕ್ರೋನೋ ಅಂಕಿಯನ್ನು ಯಜಮಾನರ ಮಗಳು ಪುಸ್ತಕದಲ್ಲಿ ಬರೆಯುತ್ತಾಳೆ. ಬೆಳಗಿನ ಆಟಗಾರರು ಬಾಲ್ ಸ್ವಲ್ಪ ಮೊದಲೇ ಬೀಳುತ್ತದೆ ಅಂತ ಗೊಣಗುತ್ತಾರೆ, ಅವರಿಗೆ ಕೊಂಚ ಮೇಲೆ ಗುರಿ ಹಿಡಿಯಲು ಹೇಳಿಕೊಡಬೇಕು. ಪೂರ್ತಿ ಗಾಳಿಗೇ ಬದಲಾಯಿಸಿದರೆ ಈ ಗೊಣಗಾಟವೂ ಇರುವುದಿಲ್ಲ, ಆದರೆ ಪ್ರತಿ ಸಲ ಘಾಟಿ ಇಳಿದು ಮುರ್ಡೇಶ್ವರಕ್ಕೆ ಹೋಗುವವರು ಯಾರು ಅನ್ನುವುದು ಇನ್ನೂ ಬಗೆಹರಿದಿಲ್ಲ. ಅಷ್ಟರಲ್ಲಿ ಶಿವಮೊಗ್ಗದಲ್ಲಿ ಎರಡನೇ ಬಾಡಿ ಲೇತ್ ಮೇಲೆ ಹತ್ತಿದೆ. ಕೆಳಗಿನ ಟ್ಯೂಬನ್ನು ಈ ಸಲ ಮೊದಲ ದಿನದಿಂದಲೇ ಹೋನ್ ಮಾಡುತ್ತಾರೆ, ಟ್ಯಾಂಕ್ ಬ್ಲಾಕಿನ ಮೇಲ್ಮುಖಕ್ಕೆ ಬಾಣದ ಗುರುತು ಕೆತ್ತಿದ್ದಾರೆ, ಬ್ಯಾರಲಿಗೆ ನಕ್ಷೆಯಲ್ಲಿ 17.5 ಅಂತ ಕೆಂಪು ಶಾಯಿಯಲ್ಲಿ ಬರೆದಿದೆ. ಮೊದಲ ಪರೀಕ್ಷೆ ನಸುಕಿನ ಆರು ಗಂಟೆಗೆ, ಬ್ಯಾಣದಲ್ಲೇ.